ಆಕಾಶದ ಗಾಯರಾಣ

ವಿಜಯಪುರದ ಸಿದ್ಧೇಶ್ವರ ಜಾತ್ರೆಯಿಂದ ತಿಕೋಟಾದ ಇಬ್ಬರು ಹುಡುಗರು ಒಂದೊಂದು ರಿಮೋಟ್ ಕಾರು ಹಿಡಿದು ಮನೆಗೆ ಬಂದರು. ಅಣ್ಣನದು ಕೆಂಪು, ಚಿಕ್ಕಪ್ಪನ ಮಗನದು ಹಸಿರು. ಅಂಗಳದಲ್ಲಿ ಆಟ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಜಗಳವೂ ಶುರುವಾಯಿತು. ಅಣ್ಣ ಗುಂಡಿ ಒತ್ತಿದರೆ ಎರಡೂ ಕಾರುಗಳು ಮುಂದಕ್ಕೆ ಓಡುತ್ತಿದ್ದವು. ತಮ್ಮ ಹಿಂದಕ್ಕೆ ಒತ್ತಿದರೆ ಕೆಂಪು ಕಾರು ನಿಂತಲ್ಲೇ ಗಿರಗಿಟ್ಟೆ ಆಡುತ್ತಿತ್ತು. ಕೊನೆಗೆ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ತೀರ್ಪು ಕೊಟ್ಟರು: ‘ಕೂಡೇ ಆಡಬ್ಯಾಡ್ರಿ. ಒಬ್ಬಂವ ಆಡೂಮುಂದ ಇನ್ನೊಬ್ಬಂವ ಸುಮ್ನ ಕುಂದರ್ರಿ. ನಂದು ಕೆಡಿಸಿದಾ ಅಂತ ಯಾರೂ ಅಳಬ್ಯಾಡ್ರಿ.’

ಅಜ್ಜನಿಗೆ ಗೊತ್ತಿರಲಿಲ್ಲ, ಆದರೆ ಭಾರತ ಸರ್ಕಾರ 2005ರಲ್ಲಿ ಹೊರಡಿಸಿದ ಒಂದು ನಿಯಮದ ತಿರುಳನ್ನೇ ಅವರು ಹೇಳಿದ್ದರು.

ಕಾರನ್ನು ಮಗುಚಿ ನೋಡಿದರೆ ಹೊಟ್ಟೆಯ ಮೇಲೆ ಸಣ್ಣ ಅಕ್ಷರದಲ್ಲಿ 27 ಮೆಗಾಹರ್ಟ್ಸ್ ಎಂದು ಬರೆದಿರುತ್ತದೆ. ರಿಮೋಟು ಒಂದು ಪುಟ್ಟ ಪ್ರೇಷಕ, ಕಾರಿನೊಳಗೆ ಒಂದು ಪುಟ್ಟ ಗ್ರಾಹಕ. ಎರಡು ಕಾರುಗಳಿಗೂ ಕಂಪನಾಂಕ ಒಂದೇ ಆದ್ದರಿಂದ ಯಾರ ರಿಮೋಟಿಗೆ ಯಾವ ಕಾರು ಎಂಬ ಭೇದ ಅವಕ್ಕೆ ತಿಳಿಯದು. (ಈಚಿನ ಅನೇಕ ಆಟಿಕೆಗಳು 2.4 ಗಿಗಾಹರ್ಟ್ಸಿಗೆ ಹೋಗಿವೆ. ಅವುಗಳಲ್ಲಿ ಪ್ರತಿ ರಿಮೋಟಿಗೂ ಬೇರೆ ಗುರುತು ಇರುವುದರಿಂದ ಈ ಜಗಳ ಕಡಿಮೆ.) 27 ಮೆಗಾಹರ್ಟ್ಸಿನ ಆಸುಪಾಸಿನ ಈ ಜಾಗಕ್ಕೇ ‘ಸಿಟಿಜನ್ ಬ್ಯಾಂಡ್’ ಎಂದು ಹೆಸರು. ಚಿಕ್ಕದಾಗಿ ಸಿ.ಬಿ. ಜನಸಾಮಾನ್ಯರು ಮಾತನಾಡಿಕೊಳ್ಳಲು ಬಿಟ್ಟ ರೇಡಿಯೋ ಪಟ್ಟಿ ಎಂದರ್ಥ.

ಹೀಗೆ ಬಿಟ್ಟುಕೊಟ್ಟದ್ದು ಮೊದಲು ಅಮೆರಿಕದಲ್ಲಿ. ಅಲ್ಲಿ 27 ಮೆಗಾಹರ್ಟ್ಸಿನ ಈ ಪಟ್ಟಿ 1958ರಲ್ಲಿ ಜನರ ಕೈಗೆ ಬಂತು. 1973ರ ತೈಲ ಬಿಕ್ಕಟ್ಟಿನ ಕಾಲಕ್ಕೆ ಲಾರಿ ಚಾಲಕರು ಎಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ಪೊಲೀಸರು ವೇಗ ಅಳೆಯುತ್ತ ನಿಂತಿದ್ದಾರೆ ಎಂದು ಇದರಲ್ಲೇ ಪರಸ್ಪರ ತಿಳಿಸುತ್ತಿದ್ದರು. ಆಮೇಲೆ ಅದೊಂದು ಹುಚ್ಚೇ ಆಯಿತು. ಚಾನೆಲ್ಲುಗಳು 23 ಇದ್ದದ್ದು 1977ರಲ್ಲಿ 40 ಆದವು. 1983ರಲ್ಲಿ ಲೈಸೆನ್ಸೇ ಬೇಡ ಎಂದರು. ಬ್ರಿಟನ್ನಿನಲ್ಲಿ ಜನ ಕದ್ದುಮುಚ್ಚಿ ಸೆಟ್ಟು ತರಿಸಿ ಮಾತನಾಡಿ, ಗಲಾಟೆ ಮಾಡಿ, 1981ರ ನವೆಂಬರ್ 2ರಂದು ಕಾನೂನಿನ ಒಪ್ಪಿಗೆ ಪಡೆದರು.

ನಮ್ಮಲ್ಲಿ ಕಥೆ ಬೇರೆ. ತಂತಿಯ ಮೇಲೆ ಸರ್ಕಾರದ್ದೇ ಏಕಸ್ವಾಮ್ಯ ಎಂದು 1885ರ ಟೆಲಿಗ್ರಾಫ್ ಕಾಯಿದೆ ಹೇಳಿತು. ತಂತಿಯಿಲ್ಲದ ಯಂತ್ರವನ್ನು ಬಳಸುವುದಿರಲಿ, ಪರವಾನಗಿ ಇಲ್ಲದೆ ಇಟ್ಟುಕೊಳ್ಳುವುದೂ ಅಪರಾಧ ಎಂದು 1933ರ ನಿಸ್ತಂತು ಕಾಯಿದೆ ಬರೆದಿಟ್ಟಿತು. ಇಂದಿನ ಮಕ್ಕಳು ನಂಬಲಿಕ್ಕಿಲ್ಲ, ಅವರ ಅಜ್ಜಂದಿರು ಧಾರವಾಡ ಆಕಾಶವಾಣಿಯ ವಾರ್ತೆ ಕೇಳುವ ರೇಡಿಯೋಕ್ಕೂ ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ, ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕಿತ್ತು. ಆ ಪದ್ಧತಿ ಪೂರ್ತಿ ತೊಲಗಿದ್ದು 1980ರ ದಶಕದ ನಡುವಿನಲ್ಲಿ. ಬರೀ ಕೇಳುವ ಪೆಟ್ಟಿಗೆಗೇ ಹೀಗಿದ್ದ ಮೇಲೆ ಮಾತನಾಡುವ ಪೆಟ್ಟಿಗೆಗೆ ಎಷ್ಟು ಬಿಗಿ ಇದ್ದೀತು! ಲೈಸೆನ್ಸ್ ಇಲ್ಲದ ಪ್ರೇಷಕಕ್ಕೆ 1933ರ ಕಾಯಿದೆಯ 6ನೇ ಕಲಮು ಇಟ್ಟ ಶಿಕ್ಷೆ ಮೂರು ವರ್ಷದವರೆಗೆ ಸೆರೆವಾಸ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ದಂಡದ ಮೊತ್ತ ನೋಡಿ ನಗು ಬರಬಹುದು. ಸೆರೆವಾಸದ ಅವಧಿ ನೋಡಿದರೆ ಬರುವುದಿಲ್ಲ.

ಆದರೆ ಅದೇ ಕಾಯಿದೆಯಲ್ಲಿ ಒಂದು ಕಿಟಕಿಯೂ ಇತ್ತು. ಯಾವುದಾದರೂ ಬಗೆಯ ಯಂತ್ರಕ್ಕೆ ಲೈಸೆನ್ಸಿನಿಂದ ವಿನಾಯಿತಿ ಕೊಡುವ ಅಧಿಕಾರ ಕೇಂದ್ರ ಸರ್ಕಾರಕ್ಕಿತ್ತು. 2005ರಲ್ಲಿ ಆ ಕಿಟಕಿ ತೆರೆದು, 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯಲ್ಲಿ ಲೈಸೆನ್ಸ್ ಇಲ್ಲದೆಯೇ ಯಂತ್ರ ಇಟ್ಟುಕೊಳ್ಳಬಹುದು, ಬಳಸಬಹುದು, ಮಾರಬಹುದು ಎಂದು ನಿಯಮ ಮಾಡಲಾಯಿತು. ಕಟ್ಟಳೆಗಳೂ ಜೊತೆಗೇ ಬಂದವು. ಪ್ರಸಾರದ ಶಕ್ತಿ 5 ವಾಟ್ ಮೀರಕೂಡದು. ಆಂಟೆನಾ ಯಂತ್ರದಲ್ಲೇ ಕೂಡಿಕೊಂಡಿರಬೇಕು. ಇನ್ನೊಬ್ಬರ ಸಂಪರ್ಕಕ್ಕೆ ಅಡ್ಡಿ ಮಾಡಕೂಡದು. ನಮಗೆ ಅಡ್ಡಿಯಾಯಿತೆಂದು ದೂರು ಕೊಡುವ ಹಕ್ಕೂ ಇಲ್ಲ. ಪಟ್ಟಿ ಯಾರೊಬ್ಬರ ಸ್ವತ್ತೂ ಅಲ್ಲ.

ಹಳ್ಳಿಯ ಓದುಗರಿಗೆ ಇದನ್ನು ವಿವರಿಸಬೇಕಿಲ್ಲ. ಊರ ಹೊರಗಿನ ಗಾಯರಾಣ ಇದ್ದಹಾಗೆ. ಯಾರ ದನವೂ ಮೇಯಬಹುದು, ಯಾರೂ ಬೇಲಿ ಹಾಕುವಂತಿಲ್ಲ. ಬೇರೆಯವರ ದನ ಹುಲ್ಲು ತಿಂದು ಮುಗಿಸಿತು ಎಂದು ತಹಶೀಲ್ದಾರರ ಬಳಿ ಹೋದರೆ ಅವರು ನಕ್ಕಾರು. ಆದರೆ ಗಾಯರಾಣದಿಂದ ಪಕ್ಕದ ಹೊಲಕ್ಕೆ ದನ ನುಗ್ಗಿದರೆ ಮಾತ್ರ ದನದ ಒಡೆಯ ಉತ್ತರ ಹೇಳಬೇಕು.

ಐದೇ ವಾಟ್ ಏಕೆ, ಆಂಟೆನಾದ ಉಸಾಬರಿ ಕಾಯಿದೆಗೇಕೆ ಎಂದು ಕೇಳಬಹುದು. ಇಲ್ಲಿ ವಿಜ್ಞಾನದ ಪಾಠ ಬರುತ್ತದೆ.

ವಿಜಯಪುರ, ತಿಕೋಟಾ, ಬಬಲೇಶ್ವರಗಳನ್ನು ನಕಾಶೆಯ ಮೇಲೆ ಗೆರೆ ಎಳೆದು ಕೂಡಿಸಿದರೆ ಹೆಚ್ಚುಕಡಿಮೆ ಸಮಬಾಹು ತ್ರಿಕೋನ ಬರುತ್ತದೆ. ಹಕ್ಕಿ ಹಾರಿದ ಹಾದಿಯಲ್ಲಿ ಒಂದೊಂದು ಬಾಹು ಸುಮಾರು 20 ಕಿ.ಮೀ. ಭೂಮಿ ಗುಂಡಗಿರುವುದರಿಂದ ರೇಡಿಯೋ ಅಲೆ ನೇರವಾಗಿ ಎಷ್ಟು ದೂರ ತಲುಪೀತು ಎಂದು ತಿಳಿಯಲು ಸುಲಭದ ಲೆಕ್ಕವಿದೆ: ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ವರ್ಗಮೂಲ ಕಂಡುಹಿಡಿದು, 4.12ರಿಂದ ಗುಣಿಸಬೇಕು. ಎರಡೂ ತುದಿಯ ಆಂಟೆನಾಗಳಿಗೆ ಹೀಗೆ ಮಾಡಿ ಕೂಡಿಸಿದರೆ ಕಿ.ಮೀ.ನಲ್ಲಿ ಉತ್ತರ ಬರುತ್ತದೆ. ಒಂದೂವರೆ ಮೀಟರು ಎತ್ತರದಲ್ಲಿ ಸೆಟ್ಟು ಹಿಡಿದು ನಿಂತ ಇಬ್ಬರಿಗೆ ಲೆಕ್ಕ ಹಾಕಿ. ಸುಮಾರು 10 ಕಿ.ಮೀ. ಆಗುತ್ತದೆ. ಇದು ಬರೀ ಬಯಲಿನ ಲೆಕ್ಕ. ನಡುವೆ ಮನೆ, ಮರ, ದಿಬ್ಬ, ವಿದ್ಯುತ್ ಮೋಟರಿನ ಗದ್ದಲ ಎಲ್ಲ ಸೇರಿ ಕೈಸೆಟ್ಟಿಗೆ ಎರಡು ಮೂರು ಕಿ.ಮೀ. ದಕ್ಕಿದರೆ ಪುಣ್ಯ. ಅಂದರೆ ಸಿ.ಬಿ. ಸೆಟ್ಟಿನಿಂದ ತಿಕೋಟಾದವರು ತಮ್ಮ ಹೊಲದ ಆಚೆ ತುದಿಯವರೊಂದಿಗೆ ಮಾತನಾಡಬಹುದು; ಬಬಲೇಶ್ವರದ ಬೀಗರೊಂದಿಗೆ ಅಲ್ಲ.

51 ಮೀಟರು ಎತ್ತರದ ಗೋಳಗುಮ್ಮಟದ ತುದಿಗೆ ಇದೇ ಲೆಕ್ಕ ಹಾಕಿದರೆ ಅದೊಂದಕ್ಕೇ 29 ಕಿ.ಮೀ. ಬರುತ್ತದೆ, ತಿಕೋಟಾ ಬಬಲೇಶ್ವರ ಎರಡೂ ಅದರೊಳಗೇ ಬಿದ್ದವು. ಲೆಕ್ಕವನ್ನು ಪುಸ್ತಕದಲ್ಲಿ ಮಾಡಿದರೆ ಸಾಕು, ಸೆಟ್ಟು ಹಿಡಿದು ಗುಮ್ಮಟ ಹತ್ತಬೇಕಿಲ್ಲ. ಗುಮ್ಮಟಕ್ಕೆ ಹೋದವರು ನೋಡಬೇಕಾದದ್ದು ಬೇರೆಯದೇ ಇದೆ. ಅಲ್ಲಿಯ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಗೆಳೆಯನಿಗೆಂದು ಹೇಳಿದ ಗುಟ್ಟು, ಗೋಡೆಗೆ ಕಿವಿ ಕೊಟ್ಟ ಎಲ್ಲರಿಗೂ ಕೇಳುತ್ತದೆ. ಸಿ.ಬಿ. ಚಾನೆಲ್ಲಿನ ಮಾತೂ ಹಾಗೆಯೇ. ಬ್ಯಾಂಕಿನ ಗುಪ್ತ ಸಂಖ್ಯೆ, ದ್ರಾಕ್ಷಿ ಮಾರಿ ಬಂದ ಹಣದ ಮಾತು ಇಲ್ಲಿ ಸಲ್ಲದು.

ಆಂಟೆನಾದ ಮಾತಿಗೆ ಬರೋಣ. ಬೆಳಕಿನ ವೇಗವನ್ನು ಕಂಪನಾಂಕದಿಂದ ಭಾಗಿಸಿದರೆ ತರಂಗದೂರ ಸಿಗುತ್ತದೆಂದು ಪ್ರೌಢಶಾಲೆಯ ಪಾಠದಲ್ಲೇ ಇದೆ. 300ನ್ನು 27ರಿಂದ ಭಾಗಿಸಿ. 11 ಮೀಟರಿಗೆ ತುಸು ಹೆಚ್ಚು. ಒಳ್ಳೆಯ ಆಂಟೆನಾ ಇದರ ಕಾಲುಭಾಗವಾದರೂ ಇರಬೇಕು, ಅಂದರೆ ಸುಮಾರು ಎರಡೂ ಮುಕ್ಕಾಲು ಮೀಟರು. ಅಷ್ಟುದ್ದದ ಕೋಲನ್ನು ಕೈಸೆಟ್ಟಿಗೆ ಸಿಕ್ಕಿಸಲಾಗದು. ಸೆಟ್ಟಿನಲ್ಲೇ ಕೂಡಿಕೊಂಡಿರುವ ಗಿಡ್ಡ ಆಂಟೆನಾ ತನಗೆ ಕೊಟ್ಟ ಶಕ್ತಿಯಲ್ಲಿ ಬಹುಪಾಲನ್ನು ಗಾಳಿಗೆ ಬಿಡದೆ ಒಳಗೇ ಕಳೆಯುತ್ತದೆ. ನಿಯಮದ ಆ ಒಂದು ಮಾತು ಸೆಟ್ಟಿನ ಮಾತು ಊರಾಚೆ ಹೋಗದಂತೆ ಕಟ್ಟಿದ ದಾವಣಿ.

ಇದು ತಿಳಿದ ಚುರುಕು ಹುಡುಗನಿಗೆ ಮೊದಲು ಹೊಳೆಯುವುದೇ ದಾವಣಿ ಬಿಚ್ಚುವ ಉಪಾಯ. ದ್ರಾಕ್ಷಿ ಪಡದ ತುಂಬ ಬಳ್ಳಿ ಹಬ್ಬಿಸಲು ಕಟ್ಟಿದ ತಂತಿ ಇದೆ. ಅದಕ್ಕೊಂದು ವೈರು ಜೋಡಿಸಿದರೆ? ನೀರಿನ ಟಾಕಿಯ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿದರೆ? ವಿಜ್ಞಾನದ ದೃಷ್ಟಿಯಿಂದ ಅದು ಬುದ್ಧಿವಂತಿಕೆಯೇ. ಆದರೆ ವಿನಾಯಿತಿ ಕೊಟ್ಟದ್ದು ಒಳಗೇ ಆಂಟೆನಾ ಇರುವ ಸೆಟ್ಟಿಗೆ. ಹೊರಗಿನ ಆಂಟೆನಾ ಹಚ್ಚಿದ ಗಳಿಗೆಗೆ ಅದು ವಿನಾಯಿತಿ ಕಳೆದುಕೊಂಡು, ಲೈಸೆನ್ಸ್ ಇಲ್ಲದ ಪ್ರೇಷಕವಾಗುತ್ತದೆ. ಶಕ್ತಿ ಹೆಚ್ಚಿಸುವ ಬೂಸ್ಟರಿನ ಕಥೆಯೂ ಅಷ್ಟೇ. ಅದರಿಂದ ಲಾಭವೂ ಕಡಿಮೆ: ಅಡೆತಡೆಯಿಲ್ಲದ ಬಯಲಿನಲ್ಲೂ ದೂರ ಎರಡು ಪಟ್ಟಾಗಬೇಕಾದರೆ ಶಕ್ತಿ ನಾಲ್ಕು ಪಟ್ಟಾಗಬೇಕು.

ಇನ್ನೊಂದು ಸಂಗತಿ ಸೂರ್ಯನಿಗೆ ಸೇರಿದ್ದು. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಚಟುವಟಿಕೆ ಏರುತ್ತದೆ. ಆಗ ಭೂಮಿಯ ಮೇಲಿನ ಅಯಾನುಗೋಳ ದಟ್ಟವಾಗಿ, 27 ಮೆಗಾಹರ್ಟ್ಸಿನ ಅಲೆಗಳೂ ಅದಕ್ಕೆ ಬಡಿದು ಸಾವಿರಾರು ಕಿ.ಮೀ. ಆಚೆ ಇಳಿಯಬಹುದು. ಸೂರ್ಯ ಅಂಥ ಗರಿಷ್ಠ ಅವಧಿಗೆ ಬಂದಿದ್ದಾನೆಂದು 2024ರ ಅಕ್ಟೋಬರಿನಲ್ಲಿ ಅಮೆರಿಕದ ನಾಸಾ ಹೇಳಿತು. ಪಕ್ಕದ ಊರಿಗೆ ಕೇಳದ ಮಾತು ಪರದೇಶಕ್ಕೆ ಕೇಳುವ ಈ ಚೋದ್ಯ ಎಷ್ಟು ಸೆಳೆಯುತ್ತಿತ್ತೆಂದರೆ, ಸಿ.ಬಿ.ಯಲ್ಲಿ 250 ಕಿ.ಮೀ. ಮೀರಿ ಮಾತನಾಡಬೇಡಿ ಎಂದು ಅಮೆರಿಕ ನಿಯಮವನ್ನೇ ಮಾಡಿತ್ತು. 2017ರಲ್ಲಿ ಅದನ್ನು ಕೈಬಿಟ್ಟರು. ಕೆಲವು ವಾಟಿನ ಸೆಟ್ಟನ್ನೂ ಕಾಯಿದೆ ಅಸಡ್ಡೆ ಮಾಡದಿರುವುದಕ್ಕೆ ಇದೂ ಒಂದು ಕಾರಣ.

ಮತ್ತೆ ತಿಕೋಟಾದ ಆ ಮನೆಗೆ ಬರೋಣ. ಕಾರಿನ ಜಗಳ ಮುಗಿದ ಕೆಲವು ತಿಂಗಳಿಗೆ ದೊಡ್ಡ ಹುಡುಗ, ಈಗ ಒಂಬತ್ತನೆಯ ತರಗತಿ, ಮೊಬೈಲಿನಲ್ಲಿ ವಾಕಿಟಾಕಿ ಜೋಡಿಯೊಂದನ್ನು ನೋಡಿದ. ಬೆಲೆಯೂ ದೊಡ್ಡದಲ್ಲ. ತ್ರೀಫೇಸ್ ಕರೆಂಟು ರಾತ್ರಿ ಬಂದಾಗ ಬಾವಿಯ ಬಳಿ ಒಬ್ಬರು, ಪಡದ ಆ ಕೊನೆಗೆ ಇನ್ನೊಬ್ಬರು ನಿಂತು ಕೂಗಿ ಕೂಗಿ ಗಂಟಲು ಹರಿದುಕೊಳ್ಳುವುದು ಆ ಮನೆಗೆ ಹೊಸದಲ್ಲ. ಮೊಬೈಲು ತಗ್ಗಿನಲ್ಲಿ ಸಿಗ್ನಲ್ ಹಿಡಿಯದು. ಹುಡುಗನ ಯೋಚನೆ ಕೆಟ್ಟದ್ದೇನೂ ಅಲ್ಲ.

‘ಕಾಕಾ, ಇದಕ್ಕ ಲೈಸೆನ್ಸ್ ಬೇಕಾಗ್ತದೇನು?’

‘ಆಟಗಿ ಸಾಮಾನಕ್ಕ ಎಂಥಾ ಲೈಸೆನ್ಸೋ ಮಾರಾಯಾ. ಅಂಗಡ್ಯಾಗ ಮಾರ್ತಾರಂದ್ರ ಕಾಯ್ದೆಶೀರ ಇದ್ದೀತು, ತರಸು.’

ಕಾಕಾ ಹೇಳಿದ ಈ ಮಾತನ್ನೇ ಬಹುತೇಕ ತಂದೆತಾಯಿಗಳು ಹೇಳುತ್ತಾರೆ, ತಪ್ಪು ಇರುವುದೂ ಇಲ್ಲಿಯೇ. ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಅನೇಕ ವಾಕಿಟಾಕಿಗಳಿಗೂ 27 ಮೆಗಾಹರ್ಟ್ಸಿಗೂ ಸಂಬಂಧವಿಲ್ಲ. ಅವು 136ರಿಂದ 174, 400ರಿಂದ 520 ಮೆಗಾಹರ್ಟ್ಸ್‌ವರೆಗೆ ಬೇಕಾದ ಕಡೆ ತಿರುಗಿಸಿಕೊಳ್ಳಬಹುದಾದ ಯಂತ್ರಗಳು. ಪೊಲೀಸರ ಮತ್ತು ಇತರ ಇಲಾಖೆಗಳ ನಿಸ್ತಂತು ಸೇವೆಗಳು ಇರುವುದೂ ಆ ಹರವಿನಲ್ಲೇ. ಅಂಥ ಸೆಟ್ಟು ಲೈಸೆನ್ಸ್ ಇಲ್ಲದೆ ಕೈಯಲ್ಲಿದ್ದರೇ ತಪ್ಪು; ಮಾತನಾಡಿದ್ದೇನೆ, ಆಡಿಲ್ಲ ಎಂಬ ಪ್ರಶ್ನೆ ಆಮೇಲಿನದು. ಮಾರುವ ಅಂಗಡಿಯವರಿಗೂ ಅದಕ್ಕೆಂದೇ ಡೀಲರ್ ಪರವಾನಗಿ ಬೇಕು. ಇಂಥ ಕಾಯಿದೆ ಬರೀ ನಮ್ಮ ದೇಶದ್ದಲ್ಲ. ಮ್ಯಾನ್ಮಾರಿನಲ್ಲಿ 2021ರ ಫೆಬ್ರುವರಿಯಲ್ಲಿ ಸೇನೆ ಅಧಿಕಾರ ಹಿಡಿದಾಗ ಆಂಗ್ ಸಾನ್ ಸೂಕಿ ಅವರ ಮೇಲೆ ಹೊರಿಸಿದ ಮೊದಲ ಆರೋಪವೇ ಅಕ್ರಮವಾಗಿ ವಾಕಿಟಾಕಿ ತರಿಸಿಕೊಂಡದ್ದು. ಅದು ರಾಜಕೀಯ ದ್ವೇಷದ ಸಂಗತಿ ಎನ್ನುವುದು ಬೇರೆ ಮಾತು. ಹಗೆ ಸಾಧಿಸುವವರಿಗೂ ಒಂದು ಚಿಕ್ಕ ಪೆಟ್ಟಿಗೆ ಸಾಕಾಯಿತು.

ನಮ್ಮಲ್ಲಿ ಇದು ಎಷ್ಟು ಹಬ್ಬಿತ್ತೆಂದರೆ, ಪರವಾನಗಿಯ ವಿವರ ಹೇಳದೆ ವಾಕಿಟಾಕಿ ಮಾರಾಟಕ್ಕಿಟ್ಟದ್ದಕ್ಕೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ 13 ಅಂತರ್ಜಾಲ ಮಾರಾಟ ತಾಣಗಳಿಗೆ ನೋಟಿಸು ಕೊಟ್ಟಿತು. ಅದೇ ತಿಂಗಳ ಕೊನೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಅಂಗಡಿಯಲ್ಲಿದೆ ಎಂಬ ಕಾರಣಕ್ಕೆ ಕಾಯಿದೆಬದ್ಧ ಎಂದುಕೊಳ್ಳುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಾಗಾದರೆ ರೈತರು ಏನು ಕೊಳ್ಳಬಹುದು? 27 ಮೆಗಾಹರ್ಟ್ಸಿನ ಸಿ.ಬಿ. ಸೆಟ್ಟು ಒಂದು. 2018ರ ನಿಯಮದ ಪ್ರಕಾರ 446.0ರಿಂದ 446.2 ಮೆಗಾಹರ್ಟ್ಸ್ ನಡುವೆ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ ಕೈಸೆಟ್ಟು ಇನ್ನೊಂದು. ‘ಮಾತ್ರ’ ಎಂಬ ಪದವನ್ನು ಒತ್ತಿ ಓದಬೇಕು. 446ರಲ್ಲೂ ಕೆಲಸ ಮಾಡುತ್ತದೆ, ಬೇರೆಡೆಯೂ ಮಾಡುತ್ತದೆ ಎಂಬ ಸೆಟ್ಟಿಗೆ ವಿನಾಯಿತಿ ಇಲ್ಲ. ವಿನಾಯಿತಿ ಇರುವ ಮಾದರಿಗೂ ಕೇಂದ್ರದ ವೈರ್‌ಲೆಸ್ ಪ್ಲಾನಿಂಗ್ ವಿಭಾಗದ ‘ಇಟಿಎ’ ಎಂಬ ಅನುಮೋದನೆ ಇರಬೇಕು. ಕೊಳ್ಳುವವರು ಅಂಗಡಿಯವರನ್ನು ಕೇಳಬೇಕಾದದ್ದು ಎರಡೇ: ಕಂಪನಾಂಕ ಎಷ್ಟರಿಂದ ಎಷ್ಟರವರೆಗೆ, ಇಟಿಎ ಪತ್ರ ಎಲ್ಲಿ. ಉತ್ತರ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ. 1885 ಮತ್ತು 1933ರ ಕಾಯಿದೆಗಳ ಜಾಗಕ್ಕೆ ಸಂಸತ್ತು 2023ರಲ್ಲಿ ಹೊಸ ದೂರಸಂಪರ್ಕ ಕಾಯಿದೆ ಮಾಡಿದೆ. ಅದರ ಕಲಮುಗಳು 2024ರಿಂದ ಕಂತುಕಂತಾಗಿ ಜಾರಿಗೆ ಬರುತ್ತಿವೆ, ಹೊಸ ನಿಯಮ ಬರುವತನಕ ಹಳೆಯ ನಿಯಮ ಉಳಿಯುತ್ತದೆಂದು ಅದರಲ್ಲೇ ಬರೆದಿದೆ. ಆದ್ದರಿಂದ ಕೊಳ್ಳುವ ದಿನ ಯಾವ ನಿಯಮ ಇದೆ ಎಂದು ಒಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಕಾಯಿದೆಯ ಈ ಬಿಗಿ ಜಾಣ ಮಕ್ಕಳ ಉತ್ಸಾಹಕ್ಕೆ ನೀರೆರಚುವುದಿಲ್ಲವೇ ಎಂದು ಕೇಳಿದರೆ, ಎರಚಿದ್ದುಂಟು. ಬಿಹಾರದ ವೈಶಾಲಿ ಜಿಲ್ಲೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ತರುಣನೊಬ್ಬ ಐವತ್ತು ರೂಪಾಯಿಯ ಸಾಮಾನಿನಲ್ಲಿ ಎಫ್‌ಎಂ ಕೇಂದ್ರ ಕಟ್ಟಿ ಸುತ್ತಲ ಹಳ್ಳಿಗಳಿಗೆ ಹಾಡು, ಸುದ್ದಿ ಕೇಳಿಸಿದ. ಜನ ಮೆಚ್ಚಿದರು, ಪತ್ರಿಕೆಗಳು ಹೊಗಳಿದವು. ಲೈಸೆನ್ಸ್ ಇರಲಿಲ್ಲ, 2008ರಲ್ಲಿ ಕೇಂದ್ರ ಮುಚ್ಚಿತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಬೇರೆ ದಾರಿ ಹಿಡಿದರು. ಹಳ್ಳಿಯವರದೇ ರೇಡಿಯೋ ಬೇಕು, ಆದರೆ ಗಾಳಿಯಲ್ಲಿ ಪ್ರಸಾರಕ್ಕೆ ಅಪ್ಪಣೆ ಇಲ್ಲ. ಸರಿ, ತಾವೇ ಮಾಡಿದ ‘ನಮ್ಮ ಧ್ವನಿ’ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕಳಿಸಿದರು. ತಂತಿಯಲ್ಲಿ ಹೋದ ಮಾತು ಗಾಳಿಯ ಪರವಾನಗಿ ಕೇಳುವುದಿಲ್ಲವಲ್ಲ! ಸ್ವಯಂಸೇವಾ ಸಂಸ್ಥೆಗಳೂ ಸಮುದಾಯ ಬಾನುಲಿ ನಡೆಸಬಹುದೆಂದು ಸರ್ಕಾರ ಒಪ್ಪಿದ್ದು 2006ರಲ್ಲಿ. ಬಿಹಾರದ ಹುಡುಗನ ಪ್ರತಿಭೆ ಕಡಿಮೆಯದೇನಲ್ಲ, ಬೂದಿಕೋಟೆಯವರ ಜೊತೆಗೆ ದಾರಿ ಬಲ್ಲವರು ಇದ್ದರು ಅಷ್ಟೇ.

ವಿದ್ಯಾರ್ಥಿಗಳಿಗೆ ಮಾತ್ರ ಇನ್ನೊಂದು ಬಾಗಿಲು ಬಹಳ ಹಿಂದಿನಿಂದಲೂ ತೆರೆದಿದೆ. ಅದು ಹವ್ಯಾಸಿ ರೇಡಿಯೋ, ಹ್ಯಾಮ್ ಎಂದು ಕರೆಯುವುದು. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ರೇಡಿಯೋ ವಿಜ್ಞಾನ ಒಂದು ಭಾಗ, ನಿಯಮಗಳು ಇನ್ನೊಂದು ಭಾಗ. ಕೆಳಗಿನ ದರ್ಜೆಗೆ ಮೋರ್ಸ್ ಸಂಕೇತದ ಪರೀಕ್ಷೆಯೂ ಇಲ್ಲ. ಪಾಸಾಗಿ ಲೈಸೆನ್ಸ್ ಬಂದರೆ ಜಗತ್ತಿನಲ್ಲಿ ಇನ್ನಾರಿಗೂ ಇಲ್ಲದ ಕರೆ ಹೆಸರು ಸಿಗುತ್ತದೆ. ರಾಜೀವ್ ಗಾಂಧಿ ಅವರದು ವಿಯು2ಆರ್‌ಜಿ ಎಂದಿತ್ತು. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನಿಗೆ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಪೋರ್ಟ್ ಬ್ಲೇರಿನಲ್ಲೇ ಇದ್ದರು. ದೂರವಾಣಿಗಳು ಸತ್ತುಹೋದ ಆ ದಿನಗಳಲ್ಲಿ ಬದುಕುಳಿದವರ ಸುದ್ದಿ ಮುಖ್ಯಭೂಮಿಗೆ ತಲುಪಿದ್ದರಲ್ಲಿ ಅವರ ಸೆಟ್ಟಿನ ಪಾಲು ದೊಡ್ಡದು.

ಒಂದು ಎಚ್ಚರ: ಹ್ಯಾಮ್ ಲೈಸೆನ್ಸಿನಲ್ಲಿ ವ್ಯಾಪಾರದ ಮಾತು ನಿಷಿದ್ಧ. ಮಗ ಹ್ಯಾಮ್ ಆದನೆಂದು ಅಪ್ಪ ಅದೇ ಸೆಟ್ಟಿನಲ್ಲಿ ಒಣದ್ರಾಕ್ಷಿಯ ದರ ವಿಚಾರಿಸುವಂತಿಲ್ಲ. ಪಡದ ಕೆಲಸಕ್ಕೆ ಸಿ.ಬಿ. ಇಲ್ಲವೇ 446, ಕಲಿಕೆಗೆ ಹ್ಯಾಮ್.

ತಿಕೋಟಾದ ಹುಡುಗನ ಪೊಟ್ಟಣ ಬಂದಾಗ ಅಪ್ಪ ಕನ್ನಡಕ ಹಾಕಿಕೊಂಡು ಡಬ್ಬಿಯ ಮೇಲಿನದನ್ನು ಓದಿದರು. 136ರಿಂದ 174, 400ರಿಂದ 520. ಹಾಗೆಯೇ ಮತ್ತೆ ಕಟ್ಟಿ ವಾಪಸು ಕಳಿಸಿದರು. ‘ಮತ್ತ ರಾತ್ರಿ ಕೂಗೂದು?’ ಎಂದ ಹುಡುಗ. ‘ಸದ್ಯಕ್ಕ ಬ್ಯಾಟರಿ ಹಚ್ಚಿ ಸನ್ನಿ ಮಾಡೂಣು’ ಎಂದರು ಅಪ್ಪ. ಬಾವಿ ಕಡೆಯಿಂದ ಒಮ್ಮೆ ಬೆಳಕು ಬಿಟ್ಟರೆ ಮೋಟರು ಚಾಲೂ, ಎರಡು ಸಲ ಬಿಟ್ಟರೆ ಬಂದ್ ಎಂದು ಮಾತಾಯಿತು. ಹುಡುಗ ಈಗ ಅದಕ್ಕೇ ಚುಕ್ಕಿ ಗೆರೆಗಳ ಮೋರ್ಸ್ ಸಂಕೇತ ಕಲಿಯುತ್ತಿದ್ದಾನೆ. ಬೆಳಕಿಗೆ ಲೈಸೆನ್ಸ್ ಬೇಡವೆಂದು ಕಾಕಾನಿಗೂ ಹೇಳಿಯಾಗಿದೆ.